ನೂರಕ್ಕೆ ತೊಂಬತ್ತೊಂದು

ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಯಾಕಮ್ಮ ಎಂದು ಕರೆಯುತ್ತಿದ್ದರು. ಮಾತು ಕಲಿತಾಗಿನಿಂದ ಅವಳ ಬಾಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಹಾಲು ಯಾಕೆ ಉಕ್ಕುತ್ತೆ, ಅಪ್ಪ ಯಾಕೆ ಗೊರಕೆ ಹೊಡೀತಾರೆ, ಪಕ್ಕದ ಮನೆಯವರು ಬಂದ ತಕ್ಷಣ ಅಮ್ಮನ ದನಿ ಯಾಕೆ ಸಣ್ಣಗಾಗುತ್ತೆ. ಉತ್ತರ ಕೊಟ್ಟು ಕೊಟ್ಟು ಸೋತ ಅಜ್ಜಿ ಇಟ್ಟ ಹೆಸರು ಅದು. ಅಜ್ಜಿ ಹೋದಮೇಲೂ ಹೆಸರು ಉಳಿಯಿತು, ಪ್ರಶ್ನೆಯೂ ಉಳಿಯಿತು.

ಒಂದು ವಿಷಯದಲ್ಲಿ ಮಾತ್ರ ಅವಳು ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಊರಿನ ಅಂಚಿನ ಗುಡ್ಡದ ಮೇಲೆ ಒಂದು ಖಾಸಗಿ ಕಾಲೇಜು ಇತ್ತು. ಗೋಡೆಯೆಲ್ಲ ಗಾಜು. ಒಳಗೆ ಮೂರಂತಸ್ತಿನ ಗ್ರಂಥಾಲಯ, ಕಾಲು ನೀಡಿ ಕೂರಲು ಹಸಿರು ಮೆತ್ತೆಗಳು, ಬಾಗಿಲಲ್ಲಿ ಬಂದವರಿಗೆಲ್ಲ ನಮಸ್ಕಾರ ಹೇಳುವ ಒಂದು ಗಿಡ್ಡ ರೋಬೋ. ಅಲ್ಲಿಯೇ ಕಂಪ್ಯೂಟರ್ ಪ್ರೋಗ್ರಾಮಿಂಗ್ ಪದವಿ ಮಾಡಬೇಕೆಂದು ಯಾಕಮ್ಮ ಹದಿನೈದನೇ ವಯಸ್ಸಿಗೇ ತೀರ್ಮಾನಿಸಿದ್ದಳು. ಹದಿನೆಂಟಕ್ಕೆ ಸೀಟೂ ಸಿಕ್ಕಿತು. ಇನ್ನು ಸಾಲ ಸಿಕ್ಕಬೇಕಿತ್ತು ಅಷ್ಟೆ. ಆ "ಅಷ್ಟೆ" ಎಂಬುದು ಹನ್ನೆರಡು ವರ್ಷ ತಿಂಗಳು ತಿಂಗಳು ಕಟ್ಟುವಷ್ಟು ದೊಡ್ಡದಾಗಿತ್ತು.

ಅಪ್ಪ ಕಟ್ಟುಹಲ್ಲು ಮಾಡುವವರು. ಮನೆಯ ಹಿಂದಿನ ಕೋಣೆಯಲ್ಲಿ ಅವರ ಕಾರ್ಖಾನೆ: ಮೇಣ, ಅಚ್ಚು, ಉಜ್ಜುವ ಯಂತ್ರ, ಮತ್ತು ಕಪಾಟಿನ ತುಂಬ ನಗುತ್ತಾ ಕೂತ ದವಡೆಗಳು. ಮಗಳು ವಿಷಯ ಹೇಳಿದ ಕೂಡಲೇ ಅವರು ಕನ್ನಡಕ ಹಣೆಗೆ ಏರಿಸಿ, "ಓದಲಿ ಬಿಡು. ನಾನು ಹಲ್ಲು ಕಚ್ಕೊಂಡು ದುಡೀತೀನಿ. ಹಲ್ಲಿಗೇನು ಬರ ನಮ್ಮನೇಲಿ?" ಎಂದರು.

ಅಮ್ಮ ನಗಲಿಲ್ಲ. ಅಮ್ಮ ಸಿಟಿ ಬಸ್ಸಿನ ಚಾಲಕಿ. ಇಪ್ಪತ್ತು ವರ್ಷದಿಂದ ಸ್ಟೀರಿಂಗ್ ಹಿಡಿದ ಕೈ; ಊಟಕ್ಕೆ ಕೂತಾಗಲೂ ತಟ್ಟೆಯನ್ನು ಎಡಕ್ಕೆ ಬಲಕ್ಕೆ ತುಸು ತಿರುಗಿಸಿಯೇ ಶುರು ಮಾಡುವವಳು. ಸಾಲಕ್ಕೆ ಜಾಮೀನು ಸಹಿ ಅವಳೇ ಹಾಕಬೇಕಿತ್ತು, ಯಾಕೆಂದರೆ ಮನೆಯಲ್ಲಿ ಕಾಯಂ ಸಂಬಳ ಇದ್ದದ್ದು ಅವಳಿಗೆ ಮಾತ್ರ.

"ಅಲ್ಲಿ ಓದಿದೋರು ಆಮೇಲೆ ಎಷ್ಟು ದುಡೀತಾರೆ?" ಎಂದು ಕೇಳಿದಳು.

ಯಾಕಮ್ಮ ಕಾಲೇಜಿನ ಹೊಳೆಯುವ ಪುಸ್ತಿಕೆ ತೆರೆದು ತೋರಿಸಿದಳು. "ನೋಡಮ್ಮ, ನೂರಕ್ಕೆ ತೊಂಬತ್ತೊಂದು ಜನಕ್ಕೆ ಕೆಲಸ. ಸರಾಸರಿ ಸಂಬಳ ಇಲ್ಲಿದೆ. ನಿನ್ನದರ ಮೂರರಷ್ಟು!"

"ಇದು ಅವರೇ ಅಚ್ಚು ಹಾಕ್ಸಿದ್ದು. ತನ್ನ ಮೊಸರು ಹುಳಿ ಅಂತ ಯಾರು ಹೇಳ್ತಾರೆ? ಓದಿದೋರ ಬಾಯಿಂದಾನೇ ಕೇಳ್ಕೊಂಡು ಬಾ. ಆಮೇಲೆ ಸಹಿ."

"ನಂಬಿಕೆ ಇಲ್ವಾ ನಿಂಗೆ?"

"ನಿನ್ ಮೇಲೆ ಇದೆ. ಪುಸ್ತಕದ ಮೇಲೆ ಇಲ್ಲ."

ಯಾಕಮ್ಮ ಮುಖ ಊದಿಸಿಕೊಂಡೇ ಹೊರಟಳು. ಕೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಊರಿಗೇ ಗೊತ್ತಿತ್ತು. ಆದರೆ ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೇಲಿನ ಮನೆಯಲ್ಲಿ ಒಬ್ಬ ಪ್ರೋಗ್ರಾಮರ್ ಇದ್ದ. ಅವನು ಮೆಟ್ಟಿಲ ಮೇಲೆ ನಿಂತು ತನ್ನ ಮೂಲವ್ಯಾಧಿಯ ಕಥೆ ಹೇಳಿದ, ಭಾವಮೈದುನನ ವಿಚ್ಛೇದನದ ಕಥೆ ಹೇಳಿದ, ಸಂಬಳದ ಮಾತು ಬಂದ ಕೂಡಲೇ ಒಲೆ ಮೇಲೆ ಏನೋ ಇಟ್ಟಿದ್ದು ನೆನಪಾಗಿ ಓಡಿದ. ಅಪ್ಪನ ಗಿರಾಕಿಯೊಬ್ಬರ ಮಗಳು "ಪರವಾಗಿಲ್ಲ" ಎಂದಳು. ಇನ್ನೊಬ್ಬ "ದೇವರು ನಡೆಸ್ತಾನೆ" ಎಂದ. ಎಂಥ ಉತ್ತರವಾದರೂ ಬಂತು, ಅಂಕಿ ಮಾತ್ರ ಬರಲಿಲ್ಲ.

ಆಗಲೇ ಅವಳ ಕಣ್ಣಿಗೆ ಬಿದ್ದದ್ದು ಗುಡ್ಡದ ಕಾಲೇಜಿನದೇ ಒಂದು ಜಾಹೀರಾತು: ರಜೆಯಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಅವರ ಉದ್ಯೋಗ, ಸಂಬಳ ವಿಚಾರಿಸಲು ಜನ ಬೇಕಾಗಿದ್ದಾರೆ. ಕೇಳಿದ್ದಕ್ಕೆ ಬೈಸಿಕೊಳ್ಳುವ ಜಾಗದಲ್ಲಿ ಕೇಳಿದ್ದಕ್ಕೆ ಕೂಲಿ! ಕುರುಡ ಕೇಳಿದ್ದು ಒಂದು ಕಣ್ಣು, ದೇವರು ಕೊಟ್ಟಿದ್ದು ಎರಡು ಎಂದುಕೊಂಡು ಮರುದಿನವೇ ಸೇರಿಕೊಂಡಳು.

ಫೋನ್ ಕೋಣೆ ಇದ್ದದ್ದು ಗಾಜಿನ ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿ ಗಾಜೂ ಇಲ್ಲ, ಹಸಿರು ಮೆತ್ತೆಯೂ ಇಲ್ಲ. ಟ್ಯೂಬ್‌ಲೈಟು, ಕಾಲು ಮುರಿದ ಕುರ್ಚಿಗಳು, ಒಂದು ಉದ್ದ ಮೇಜು. ಮೇಲ್ವಿಚಾರಕಿಯಾಗಿ ಇದ್ದವಳು ಮೂವತ್ತರ ಆಸುಪಾಸಿನ ಹೆಂಗಸು. ಸದಾ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡೇ ಇರುತ್ತಿದ್ದುದರಿಂದ ಅಲ್ಲಿ ಎಲ್ಲರಿಗೂ ಹೆಡ್‌ಫೋನ್ ಅಕ್ಕ. ದನಿ ತಣ್ಣಗೆ, ನಗು ಅಪರೂಪ, ಚಹಾ ಮಾತ್ರ ಸುಡುಸುಡು ಬೇಕು.

"ಕೇಳೋದು ಎರಡೇ. ಕೆಲಸ ಇದೆಯಾ, ಸಂಬಳ ಎಷ್ಟು. ಎತ್ತದೇ ಇದ್ರೆ ಮುಂದಿನ ನಂಬರ್. ಹರಟೆ ಹೊಡೀಬಾರದು," ಎಂದಳು ಅಕ್ಕ.

ಹರಟೆ ಹೊಡೆಯಬೇಡ ಎಂದು ಯಾಕಮ್ಮನಿಗೆ ಹೇಳುವುದೂ ಒಂದೇ, ಹರಿಯಬೇಡ ಎಂದು ನೀರಿಗೆ ಹೇಳುವುದೂ ಒಂದೇ. ಎದುರಿಗೆ ನಿಂತು ಸಂಬಳ ಹೇಳದ ಜನ ಫೋನಿನಲ್ಲಿ, ಮುಖ ಕಾಣದ ಹುಡುಗಿಗೆ, ಎಲ್ಲವನ್ನೂ ಹೇಳಿದರು.

ಒಬ್ಬ ಅವಳು ಕೇಳುವ ಮೊದಲೇ ತನ್ನ ಸಂಬಳ ಹೇಳಿ, ಕೇಳಿಸದಿರಬಹುದೆಂದು ಇನ್ನೊಮ್ಮೆ ಹೇಳಿದ. ಆ ಅಂಕಿಗೆ ಎಷ್ಟು ಸೊನ್ನೆಯೆಂದು ಯಾಕಮ್ಮ ಬೆರಳು ಮಡಚಿ ನೋಡಬೇಕಾಯಿತು. ಇನ್ನೊಬ್ಬಳು, "ಸಾಲ ತೀರಿದ ಮೇಲೆ ಫೋನ್ ಮಾಡಮ್ಮ, ನೆಮ್ಮದಿಯಾಗಿ ಮಾತಾಡೋಣ," ಎಂದಳು. ಮತ್ತೊಬ್ಬನ ಹಿಂದೆ ನಾಯಿಗಳ ಗದ್ದಲವೋ ಗದ್ದಲ.

"ಸಾರ್, ಈಗ ಏನು ಕೆಲಸ ಮಾಡ್ತಿದೀರಿ?"

"ನಾಯಿ ತಿರುಗಿಸ್ತೀನಿ."

"ಅಂದ್ರೆ?"

"ಅಂದ್ರೆ ಜನರ ನಾಯಿಗಳನ್ನ ಬೆಳಗ್ಗೆ ಸಂಜೆ ವಾಕಿಂಗ್ ಕರ್ಕೊಂಡು ಹೋಗ್ತೀನಿ. ಏಳು ನಾಯಿ ಇವೆ."

"ಪ್ರೋಗ್ರಾಮಿಂಗ್ ಯಾಕೆ ಬಿಟ್ರಿ?"

"ನಾನು ಬಿಡ್ಲಿಲ್ಲ, ಕಂಪನಿ ನನ್ನನ್ನ ಬಿಡ್ತು. ಪರವಾಗಿಲ್ಲಮ್ಮ. ನಾಯಿಗೆ ಕೂತ್ಕೋ ಅಂದ್ರೆ ಕೂರುತ್ತೆ. ಕಂಪ್ಯೂಟರ್ ಎಲ್ಲಿ ಕೂರ್ತಿತ್ತು?"

ಯಾಕಮ್ಮ ನಗುನಗುತ್ತಲೇ ಅಕ್ಕನ ಕಡೆ ತಿರುಗಿದಳು. "ಇದನ್ನ ಏನಂತ ಬರ್ಕೊಳ್ಳಲಿ? ಕೆಲಸ ಇಲ್ಲ ಅಂತಾನಾ?"

"ಇದೆಯಲ್ಲ. ಸ್ವಂತ ಉದ್ಯಮ ಅಂತ ಬರಿ," ಎಂದಳು ಹೆಡ್‌ಫೋನ್ ಅಕ್ಕ.

ಹೀಗೆಯೇ ರೊಟ್ಟಿ ಅಂಗಡಿಯ ಗಲ್ಲಾದಲ್ಲಿ ಕೂತವನು "ಆಹಾರ ಕ್ಷೇತ್ರ"ವಾದ, ಅತ್ತೆಯ ಮಕ್ಕಳಿಗೆ ಮನೆಪಾಠ ಹೇಳುವವಳು "ಶಿಕ್ಷಣ ಕ್ಷೇತ್ರ"ವಾದಳು. ಫೋನ್ ಎತ್ತದವರು ಏನೂ ಆಗಲಿಲ್ಲ. ಅವರು ಲೆಕ್ಕದಲ್ಲೇ ಇರಲಿಲ್ಲ. ಸಂಜೆ ಯಾಕಮ್ಮ ಮೇಲೆ ಹತ್ತಿ ಗ್ರಂಥಾಲಯದ ಮೆತ್ತೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ಅದು ಮೊದಲಿನಷ್ಟೇ ಮೆತ್ತಗಿತ್ತು. ಅದೇ ಕಷ್ಟ.

ಎರಡನೇ ವಾರದಲ್ಲಿ ಒಬ್ಬಳು ಸಿಕ್ಕಳು. ದನಿಯಲ್ಲೇ ಗೊತ್ತಾಗುತ್ತಿತ್ತು, ಎಲ್ಲೋ ಎತ್ತರದಲ್ಲಿ, ಗಾಳಿಯಲ್ಲಿ ನಿಂತಿದ್ದಾಳೆಂದು.

"ನಾನು ಲಿಫ್ಟ್ ಕಂಪನೀಲಿ ಇದೀನಿ. ನೀವು ಗುಂಡಿ ಒತ್ತಿದಾಗ ಯಾವ ಲಿಫ್ಟ್ ಬರಬೇಕು ಅಂತ ತೀರ್ಮಾನ ಮಾಡುತ್ತಲ್ಲ, ಆ ಪ್ರೋಗ್ರಾಂ ಬರೆಯೋದು ನಾವು," ಎಂದಳು. ಸಂಬಳವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಪುಸ್ತಿಕೆಯ ಸರಾಸರಿಗಿಂತ ಅದು ಎಷ್ಟೋ ಕಡಿಮೆ, ಅಮ್ಮನ ಸಂಬಳಕ್ಕಿಂತ ಒಂದು ಹಿಡಿ ಹೆಚ್ಚು.

"ಮೇಡಂ, ಸುಮ್ನೆ ಕೇಳ್ತೀನಿ. ಮತ್ತೆ ಓದೋ ಹಾಗಿದ್ರೆ ಇಲ್ಲೇ ಓದ್ತಿದ್ರಾ?"

"ಗೆಳತಿಯರು ಸಿಕ್ಕಿದ್ದು ಅಲ್ಲೇ. ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಆದ್ರೆ ಕಲಿತದ್ದು ಹೇಳೋದಾದ್ರೆ, ರೈಲ್ವೆ ಯಾರ್ಡ್ ಹಿಂದಿನ ಸರ್ಕಾರಿ ಕಾಲೇಜಲ್ಲಿ ಓದಿದ ಹುಡುಗ ನನ್ ಪಕ್ಕದಲ್ಲೇ ಕೂರ್ತಾನೆ. ಇಬ್ರಿಗೂ ಒಂದೇ ಸಂಬಳ. ಅವನು ಮೊನ್ನೆ ಸ್ಕೂಟರ್ ತಗೊಂಡ. ನಾನು ಇನ್ನೂ ಸಾಲ ಕಟ್ತಾ ಇದೀನಿ." ಆಮೇಲೆ ನಗುತ್ತಾ, "ನಮ್ಮಲ್ಲಿ ಒಬ್ರು ಬೇಕಾಗಿದ್ದಾರೆ. ನಿಮ್ಮ ಪಟ್ಟೀಲಿ ಯಾರಾದ್ರೂ ಪ್ರೋಗ್ರಾಂ ಬರೆಯೋ ಆಸೆ ಇರೋರು ಸಿಕ್ಕಿದ್ರೆ ಹೇಳಿ," ಎಂದಳು.

ಫೋನ್ ಇಟ್ಟ ಯಾಕಮ್ಮನಿಗೆ ತಡೆಯಲಾಗಲಿಲ್ಲ. ಊಟದ ಬಿಡುವಿನಲ್ಲಿ ಉಳಿದವರೆಲ್ಲ ಹೊರಗೆ ಹೋಗಿದ್ದಾಗ ಅಕ್ಕನ ಮೇಜಿನ ಮುಂದೆ ಹೋಗಿ ನಿಂತಳು.

"ಅಕ್ಕ, ಇದು ಮೋಸ ಅಲ್ವಾ?"

"ಯಾವುದು?"

"ಈ ತೊಂಬತ್ತೊಂದು. ನಾಯಿ ತಿರುಗಿಸೋರೂ ಅದರಲ್ಲಿ. ಫೋನ್ ಎತ್ತದೇ ಇರೋರು ಅದರಲ್ಲಿಲ್ಲ. ಆಮೇಲೆ ಆ ಸರಾಸರಿ! ನಾನು ಮಾತಾಡಿದ ಮುಕ್ಕಾಲು ಜನ ಅದರ ಹತ್ತಿರಾನೂ ಇಲ್ಲ."

ಹೆಡ್‌ಫೋನ್ ಅಕ್ಕ ಚಹಾ ಲೋಟ ಕೆಳಗಿಟ್ಟಳು. "ಒಂದು ಆನೆ, ಒಂಬತ್ತು ಇಲಿ. ಎಲ್ಲಾ ತೂಕ ಹಾಕಿ ಸರಾಸರಿ ತೆಗಿ. ಏನು ಬರುತ್ತೆ?"

ಯಾಕಮ್ಮ ಯೋಚಿಸಿದಳು. "ಹತ್ತು ಎಮ್ಮೆ."

"ಹತ್ತು ಎಮ್ಮೆ. ಒಂದು ಅಕ್ಷರವೂ ಸುಳ್ಳಲ್ಲ. ಆದ್ರೆ ಆ ಕೊಟ್ಟಿಗೇಲಿ ಒಂದು ಎಮ್ಮೇನೂ ಇಲ್ಲ." ಅಕ್ಕ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಯಾಕಮ್ಮ ಮೊದಲ ಸಲ ಅವಳ ಕುತ್ತಿಗೆಯನ್ನು ಹೆಡ್‌ಫೋನ್ ಇಲ್ಲದೆ ನೋಡಿದಳು. "ನೀನು ಇಲ್ಲಿ ಪ್ರೋಗ್ರಾಮಿಂಗ್‌ಗೆ ಸೇರ್ತಿದೀಯ ಅಂತ ಕೇಳಿದೆ. ನಾನೂ ಅದನ್ನೇ ಓದಿದ್ದು. ಇದೇ ಕಟ್ಟಡ, ಮೇಲಿನ ಮಹಡಿ."

"ನೀವಾ?"

"ಮೊದಲು ಸೇರಿದ ಕಂಪನಿ ಎಂಟು ತಿಂಗಳಲ್ಲಿ ಬಾಗಿಲು ಹಾಕ್ತು. ಕಂತು ಕಾಯುತ್ತಾ? ಕೈಗೆ ಸಿಕ್ಕಿದ ಕೆಲಸ ಇದು, ನಾಲ್ಕು ದಿನಕ್ಕೆ ಅಂತ ಬಂದೆ. ಆರು ವರ್ಷ ಆಯ್ತು. ಕಾಲೇಜು ಈ ಕೈಗೆ ಸಂಬಳ ಕೊಡುತ್ತೆ, ಅರ್ಧ ಆ ಕೈಯಿಂದ ಬ್ಯಾಂಕಿಗೆ ಹೋಗುತ್ತೆ. ಪ್ರತಿ ವರ್ಷ ನನಗೂ ಇಲ್ಲಿಂದಾನೇ ಒಂದು ಫೋನ್ ಬರುತ್ತೆ, ಕೆಲಸ ಇದೆಯಾ ಅಂತ. ಇದೆ ಅಂತೀನಿ. ನಾನೂ ಆ ತೊಂಬತ್ತೊಂದರಲ್ಲಿ ಒಬ್ಬಳು."

ನೆಲಮಾಳಿಗೆಯ ಟ್ಯೂಬ್‌ಲೈಟು ಗುಂಯ್ ಎನ್ನುತ್ತಿತ್ತು. ಯಾಕಮ್ಮ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು.

"ಮತ್ತೆ ಪ್ರೋಗ್ರಾಂ ಬರೆಯೋಕೆ ಯಾಕೆ ಹೋಗ್ಲಿಲ್ಲ?"

"ತುಕ್ಕು ಹಿಡಿದಿದೆ ಕಣೇ ತಲೆಗೆ. ಈಗಿನ ಮಕ್ಕಳ ಮುಂದೆ ಯಾರು ನನ್ನನ್ನ ತಗೋತಾರೆ?"

"ಲಿಫ್ಟಿನವರು ತಗೋತಾರೆ," ಎಂದಳು ಯಾಕಮ್ಮ, ಮತ್ತು ಅಕ್ಕ ಏನೆಂದು ಕೇಳುವಷ್ಟರಲ್ಲಿ ನಂಬರ್ ಒತ್ತಿಯಾಗಿತ್ತು. "ಮೇಡಂ, ಬೆಳಗ್ಗೆ ಮಾತಾಡಿದ್ದೆ ನೋಡಿ. ಒಬ್ರು ಸಿಕ್ಕಿದ್ದಾರೆ. ಇಲ್ಲೇ ನನ್ನೆದುರಿಗೇ ಇದ್ದಾರೆ, ಕೊಡ್ತೀನಿ."

ಅಕ್ಕ ಅವಳನ್ನು ನುಂಗುವಂತೆ ನೋಡಿದಳು. ಆದರೆ ಫೋನ್ ಕೈಗೆ ಬಂದಾಗಿತ್ತು. ಆರು ವರ್ಷ ಬೇರೆಯವರ ಉದ್ಯೋಗ ವಿಚಾರಿಸಿದ ಹೆಂಗಸು ತನ್ನದನ್ನು ವಿಚಾರಿಸುವಾಗ ತೊದಲಿದಳು.

ಶನಿವಾರ ಇಬ್ಬರೂ ಹೋದರು. ಅಕ್ಕ ಒಬ್ಬಳೇ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು. ಲಿಫ್ಟಿನವಳು ದಪ್ಪ ಬೂಟು ಹಾಕಿಕೊಂಡು ಹದಿನಾಲ್ಕನೇ ಮಹಡಿಯ ಮೇಲಿನ ಯಂತ್ರದ ಕೋಣೆಗೆ ಅವರನ್ನು ಹತ್ತಿಸಿಕೊಂಡು ಹೋದಳು. ಗ್ರೀಸಿನ ವಾಸನೆ, ದಪ್ಪ ಹಗ್ಗದಂಥ ಉಕ್ಕಿನ ತಂತಿಗಳು, ಗರ್ರನೆ ತಿರುಗಿ ಟಕ್ಕನೆ ನಿಲ್ಲುವ ಗಾಲಿ. ಮೂಲೆಯ ಮೇಜಿನ ಪಕ್ಕ, ಪ್ರೋಗ್ರಾಂ ಪರೀಕ್ಷಿಸಲೆಂದು ಇಟ್ಟ ಆಳೆತ್ತರದ ಒಂದು ಆಟಿಕೆ ಲಿಫ್ಟು. "ಇದನ್ನ ಮೂರನೇ ಮಹಡಿಗೆ ಕಳಿಸಿ, ಬಾಗಿಲು ತೆಗೆಸಿ. ಗಡಿಬಿಡಿ ಇಲ್ಲ," ಎಂದಳು.

ಅಕ್ಕ ಕೂತಳು. ಬರೆದಳು, ಅಳಿಸಿದಳು, ಬೆವರೊರೆಸಿಕೊಂಡಳು. ಕೊನೆಗೆ ಗುಂಡಿ ಒತ್ತಿದಾಗ ಆಟಿಕೆ ಲಿಫ್ಟು ಮೂರನೇ ಮಹಡಿಯನ್ನು ಮಾತನಾಡಿಸದೆ ನೇರ ತುದಿಗೆ ಹೋಗಿ ತಲೆ ಕುಟ್ಟಿಕೊಂಡು, ಎಲ್ಲಾ ಬಾಗಿಲುಗಳನ್ನೂ ಒಟ್ಟಿಗೆ ತೆರೆಯಿತು.

ಮೊದಲು ನಕ್ಕವಳು ಅಕ್ಕ. ಯಾಕಮ್ಮ ಅವಳ ನಗು ಕೇಳಿದ್ದೇ ಆಗ. ಆ ನಗು ಇಡೀ ಕೋಣೆ ತುಂಬುವಷ್ಟು ದೊಡ್ಡದಾಗಿತ್ತು.

"ಪರವಾಗಿಲ್ಲ, ನಾನು ಮೊದಲ ಸಲ ಮಾಡ್ದಾಗ ಸುಟ್ಟೇ ಹೋಗಿತ್ತು," ಎಂದಳು ಲಿಫ್ಟಿನವಳು. "ಒಂದು ತಿಂಗಳು ಬಿಟ್ಟು ಬನ್ನಿ. ಜಾಗ ಹಿಡಿದಿಟ್ಟಿರ್ತೀನಿ."

ಆ ತಿಂಗಳು ನೆಲಮಾಳಿಗೆಯ ಊಟದ ಬಿಡುವು ಪಾಠಶಾಲೆಯಾಯಿತು. ಅಕ್ಕ ಮರೆತದ್ದನ್ನು ನೆನಪು ಮಾಡಿಕೊಳ್ಳುತ್ತಾ ಜೋರಾಗಿ ಹೇಳುವಳು, ಯಾಕಮ್ಮ ಸಾಲು ಸಾಲಿಗೂ ಯಾಕೆ ಎನ್ನುವಳು. "ಇಲ್ಲಿ ಯಾಕೆ ನಿಲ್ಲುತ್ತೆ? ಇಲ್ಲಿ ಯಾಕೆ ವಾಪಸ್ ಬರುತ್ತೆ?" ಉತ್ತರ ಕೊಡಲು ಹೋಗಿ ಅಕ್ಕನಿಗೇ ತನ್ನ ತಪ್ಪು ಕಾಣುವುದು. ಯಾಕಮ್ಮನಿಗೂ ಒಂದು ಸಂಗತಿ ಗೊತ್ತಾಯಿತು. ಇಷ್ಟು ದಿನ ಅವಳು ಪ್ರೀತಿಸಿದ್ದು ಗಾಜಿನ ಗೋಡೆಯನ್ನೋ ಪ್ರೋಗ್ರಾಮಿಂಗನ್ನೋ ಎಂದು ಅವಳಿಗೇ ಅನುಮಾನವಿತ್ತು. ಕಾಲು ಮುರಿದ ಕುರ್ಚಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಒಂದು ಸಣ್ಣ ಪ್ರೋಗ್ರಾಂ ಹೇಳಿದಂತೆ ಕೇಳಿದಾಗ ಮೈ ಜುಮ್ಮೆಂದಿತು. ಅನುಮಾನ ಹೋಯಿತು.

ಎರಡನೇ ಸಲ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆಯಿತು. ಅಕ್ಕನಿಗೆ ಕೆಲಸವಾಯಿತು. ಸಂಬಳ ಈಗಿನದಕ್ಕಿಂತ ತುಸು ಹೆಚ್ಚು, ಇಪ್ಪತ್ತನೇ ವಯಸ್ಸಿನ ಕನಸಿಗಿಂತ ಬಹಳ ಕಡಿಮೆ. ಅವಳು ಅದನ್ನು ಹೇಳಿದ್ದು ಮಾತ್ರ ಲಾಟರಿ ಹೊಡೆದವಳ ದನಿಯಲ್ಲಿ.

ಇನ್ನು ಉಳಿದದ್ದು ಯಾಕಮ್ಮನ ಸಾಲಕ್ಕೆ ಅಮ್ಮನ ಸಹಿ. ಕಾಲೇಜಿಗೆ ಹಣ ಕಟ್ಟುವ ಗಡುವು ಹತ್ತಿರವಾಗಿತ್ತು. ಒಂದು ಭಾನುವಾರ ಬೆಳಗ್ಗೆ ಅಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಮಗಳು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತಳು. ಅಪ್ಪ ಯಾರದೋ ಕೆಳದವಡೆಯನ್ನು ಉಜ್ಜುತ್ತಾ ಬಾಗಿಲಲ್ಲೇ ನಿಂತರು.

"ಕೇಳ್ಕೊಂಡು ಬಂದ್ಯಾ?" ಎಂದಳು ಅಮ್ಮ.

"ಬಂದೆ. ಕೆಲವರು ತುಂಬಾ ದುಡೀತಾರೆ. ಒಂದಷ್ಟು ಜನ ನಿನ್ನ ಹಾಗೆ. ಒಂದಷ್ಟು ಜನ ನಿನಗಿಂತ ಕಡಿಮೆ. ನಾನು ಯಾವ ಗುಂಪಿಗೆ ಸೇರ್ತೀನಿ ಅಂತ ಈಗ ಯಾರೂ ಹೇಳೋಕಾಗಲ್ಲ."

"ಮೊದಲನೇ ಗುಂಪಿಗೇ ಸೇರ್ತೀಯ," ಎಂದರು ಅಪ್ಪ.

"ಸೇರಬಹುದು," ಎಂದಳು ಅಮ್ಮ. ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು. "ಬಸ್ಸು ತುಂಬಿದ ದಿನ ಡೀಸೆಲ್ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಖಾಲಿ ಓಡೋ ದಿನವೂ ಡೀಸೆಲ್ ಬೇಕಲ್ಲ. ಕಡಿಮೆ ಸಂಬಳದ ಗುಂಪಲ್ಲೇ ಉಳಿದೆ ಅನ್ಕೋ. ಕಂತು ಕಟ್ಟಿ ಊಟಕ್ಕೆ ಉಳಿಯುತ್ತಾ?"

ಯಾಕಮ್ಮ ಈ ಲೆಕ್ಕವನ್ನು ಆಗಲೇ ಹತ್ತು ಸಲ ಹಾಕಿ ನೋಡಿದ್ದಳು. "ಗುಡ್ಡದ ಕಾಲೇಜಿನ ಸಾಲಕ್ಕೆ ಉಳಿಯಲ್ಲ. ರೈಲ್ವೆ ಯಾರ್ಡ್ ಹಿಂದಿನ ಕಾಲೇಜಿಗೆ ಸಾಲ ಇದರ ಕಾಲು ಭಾಗ. ಅದಾದ್ರೆ ಉಳಿಯುತ್ತೆ. ಸಂಜೆ ತರಗತಿ. ಹಗಲು ಏನಾದ್ರೂ ಕೆಲಸ ಮಾಡ್ಕೋಬಹುದು." ಅವಳು ಕಟ್ಟೆಯ ಅಂಚನ್ನು ಉಗುರಿನಿಂದ ಕೆರೆದಳು. "ಆದ್ರೆ ಅಮ್ಮ, ಅಲ್ಲಿ ಲೈಬ್ರರಿ ಅಂದ್ರೆ ಎರಡು ಕಬ್ಬಿಣದ ಬೀರು."

ಅಮ್ಮ ಬಂದು ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. ಇಸ್ತ್ರಿಯ ಬಿಸಿ ಇನ್ನೂ ಆ ಕೈಯಲ್ಲಿತ್ತು. "ನೀನು ಗುಡ್ಡಕ್ಕೇ ಹೋಗ್ತೀನಿ ಅಂದ್ರೂ ನಾನು ಸಹಿ ಹಾಕ್ತಿದ್ದೆ ಕಣೇ," ಎಂದಳು.

"ಮತ್ತೆ ಯಾಕೆ ಮೊದಲೇ ಹೇಳ್ಲಿಲ್ಲ?"

"ಮೊದಲೇ ಹೇಳಿದ್ರೆ ನೀನು ಕೇಳೋಕೆ ಹೋಗ್ತಿದ್ಯಾ?"

ಅಪ್ಪ ಆ ದವಡೆಯನ್ನು ಬೆಳಕಿಗೆ ಹಿಡಿದು ನೋಡುವ ನೆಪದಲ್ಲಿ ಕಣ್ಣೊರೆಸಿಕೊಂಡರು.

ಗುಡ್ಡದ ಕಾಲೇಜಿನ ಸೀಟು ಬಿಟ್ಟುಕೊಟ್ಟ ದಿನ ಯಾಕಮ್ಮ ಅತ್ತಳು, ಸುಳ್ಳೇಕೆ. ರೋಬೋ ಮಾಮೂಲಿನಂತೆ ನಮಸ್ಕಾರ ಹೇಳಿದ್ದು ಇನ್ನೂ ಉರಿಸಿತು. ಶಾಲೆಯಿಂದ ಜೊತೆಗಿದ್ದ ಗೆಳತಿ ಅಲ್ಲಿಗೇ ಸೇರಿದಳು. ಅವಳ ತಂದೆಗೆ ಸಾಲ ಬೇಕಿರಲಿಲ್ಲ. ಒಂದು ವಾರ ಯಾಕಮ್ಮನಿಗೆ ಅವಳ ಫೋನ್ ಎತ್ತಲು ಮನಸ್ಸಾಗಲಿಲ್ಲ. ಆಮೇಲೆ ಎತ್ತಿದಳು. ಸಾಲಕ್ಕೆ ಹೆದರಿ ಸ್ನೇಹವನ್ನೂ ಬಿಡುವುದಕ್ಕಾಗುತ್ತದೆಯೇ?

ಸರ್ಕಾರಿ ಕಾಲೇಜಿನ ಮೊದಲ ಸಂಜೆ. ಲ್ಯಾಬಿನಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಇಬ್ಬರಿಗೆ ಒಂದು ಕಂಪ್ಯೂಟರ್. ಯಾಕಮ್ಮನ ಪಾಲಿಗೆ ಬಂದ ಜೊತೆಗಾತಿ ನಲವತ್ತು ದಾಟಿದ ನರ್ಸ್. ಹಗಲು ಪಾಳಿ ಮುಗಿಸಿ ಬಿಳಿ ಬಟ್ಟೆಯಲ್ಲೇ ಬಂದಿದ್ದಳು.

"ನಂಗೆ ಏನೂ ಬರಲ್ಲಮ್ಮ. ಬೈಬೇಡ," ಎಂದಳು ನರ್ಸ್.

ಮೇಷ್ಟ್ರು ಹಲಗೆಯ ಮೇಲೆ ಬರೆದ ಐದು ಸಾಲನ್ನು ಇಬ್ಬರೂ ಟೈಪ್ ಮಾಡಿದರು. ಓಡಿಸಿದರೆ ಪರದೆಯ ತುಂಬ ಕೆಂಪು ಅಕ್ಷರ. ಯಾಕಮ್ಮ ಮೇಲಿಂದ ಕೆಳಗೆ ನೋಡಿದಳು, ಕೆಳಗಿಂದ ಮೇಲೆ ನೋಡಿದಳು. ಎಲ್ಲವೂ ಸರಿಯಾಗಿಯೇ ಇತ್ತು.

ನರ್ಸ್ ಕನ್ನಡಕ ಮೂಗಿನ ತುದಿಗೆ ಇಳಿಸಿ, ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. "ಇಲ್ಲಿ ಒಂದು ಚುಕ್ಕೆ ಇರಬೇಕಿತ್ತು ಅಲ್ವಾ?"

ಇರಬೇಕಿತ್ತು. ಯಾಕಮ್ಮ ಚುಕ್ಕೆ ಇಟ್ಟಳು. ಕೆಂಪು ಹೋಗಿ ಪರದೆಯ ಮೇಲೆ "ನಮಸ್ಕಾರ ಜಗತ್ತು" ಎಂಬ ಎರಡು ಶಬ್ದ ಮೂಡಿ ನಿಂತವು. ನರ್ಸ್ ಖುಷಿಗೆ ಕೂತಲ್ಲೇ ಅವಳ ಬೆನ್ನಿಗೆ ಫಟ್ಟನೆ ಒಂದು ಬಿಟ್ಟಳು. ಇಡೀ ಲ್ಯಾಬು ತಿರುಗಿ ನೋಡಿತು.